ಬಲಗೆನ್ನೆಯ ಫೋಟೊ

ವರನ ಕಡೆಯವರಿಗೆ ಕಳಿಸಿದ ಫೋಟೊದಲ್ಲಿ ನನ್ನ ಬಲಗೆನ್ನೆ ಮಾತ್ರ ಇತ್ತು. ಎಡಗೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ಸುಟ್ಟ ಕಲೆಯಿದೆ. ಅದನ್ನು ಕಂಡವರು ಈ ಮೊದಲು ಎರಡು ಸಲ ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು ಹೋಗಿದ್ದರು. ಅದಕ್ಕೇ ಈ ಸಲ ಅವ್ವ ಉಪಾಯ ಹೂಡಿದಳು. ಬಿಬವೇವಾಡಿಯ ನಮ್ಮ ಮನೆ ಬೇಡ, ಹಳೆಯ ವರ್ಣಚಿತ್ರಗಳ ಪ್ರದರ್ಶನ ನಡೆದಿದೆ, ಅಲ್ಲೇ ಭೇಟಿಯಾಗಲಿ. ಅಲ್ಲಿ ಬೆಳಕೆಲ್ಲ ಚಿತ್ರಗಳ ಮೇಲಿರುತ್ತದೆ.

"ನೀ ಅವನ ಎಡಗಡೆ ನಿಂತ್ಕೊ. ಬಲಗೆನ್ನಿ ಅಷ್ಟ ಕಾಣ್ಲಿ," ಎಂದು ತಾಕೀತು ಮಾಡಿದಳು.

ಬಸವಲಿಂಗ ರಾಂಜಣಗಾಂವದ ಕಾರ್ಖಾನೆಯಲ್ಲಿ ಇಂಜಿನಿಯರ್. ಅವನ ತಾಯಿ ಭೀಮವ್ವ ಮೊಣಕಾಲು ನೋವೆಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು. ಅವ್ವ ಪಕ್ಕದಲ್ಲೇ ನಿಂತು ಕಾವಲು ಕಾದಳು. ನಾವಿಬ್ಬರೂ ಗೋಡೆಗುಂಟ ನಡೆದೆವು. ಅಂಗೈಯಗಲದ ಚಿತ್ರಗಳಲ್ಲಿ ಸರದಾರರು, ರಾಣಿಯರು. ಎಲ್ಲರದೂ ಒಂದೇ ಮಗ್ಗುಲು, ಒಂದೇ ಕಣ್ಣು. ಇವರ ಅವ್ವಂದಿರೂ ನಮ್ಮವ್ವನಂಥವರೇ ಇದ್ದಿರಬೇಕು ಅನಿಸಿ ನಗು ಬಂತು.

"ಇವ್ರ ಇನ್ನೊಂದ್ ಕಡಿ ಹೆಂಗಿತ್ತೋ ಯಾರಿಗ್ ಗೊತ್ರಿ," ಎಂದ ಬಸವಲಿಂಗ.

ತಮಾಷೆಗೇ ಅಂದ. ನನಗೆ ಮಾತ್ರ ತಡೆಯಲಾಗಲಿಲ್ಲ. ದುಪಟ್ಟಾ ಸರಿಸಿ ಪೂರ್ತಿ ಅವನತ್ತ ತಿರುಗಿದೆ.

"ನಂದು ಹಿಂಗದ ನೋಡ್ರಿ."

ಅವನು ನೋಡಿದ. ಕೆಟ್ಟವನೇನಲ್ಲ, ಮುಖ ತಿರುಗಿಸಲಿಲ್ಲ. "ನನಗೇನ್ ಅಡ್ಡಿ ಇಲ್ರಿ," ಎಂದ. ನನ್ನ ಎದೆ ಹಗುರಾಗುವಷ್ಟರಲ್ಲಿ ದನಿ ತಗ್ಗಿಸಿದ. "ಆದ್ರ ಮದಿವಿ ಆಗೋತನಕ ನಮ್ಮವ್ವಗ ತೋರಸಬ್ಯಾಡ್ರಿ. ಅಕಿ ಒಪ್ಪೂದಿಲ್ಲ."

ಮೈಯೆಲ್ಲ ಉರಿಯಿತು. ಮದುವೆಯ ತನಕ ನಾನೂ ಗೋಡೆಯ ಮೇಲೆ ನೇತಾಡಬೇಕೇ? ಆಮೇಲೆ ಆ ಮನೆಯಲ್ಲಿ ಯಾವ ಮುಖ ಹೊತ್ತು ಓಡಾಡಲಿ?

"ರಂಜನಾ ಅವ್ರ, ನಿಲ್ರಿ," ಎಂದು ಅವನು ಕರೆಯುತ್ತಿದ್ದಂತೆಯೇ ನೆಟ್ಟಗೆ ಬೆಂಚಿಗೆ ಹೋಗಿ, ಎಡಗೆನ್ನೆ ಭೀಮವ್ವನವರ ಕಣ್ಣಿಗೆ ಬೀಳುವಂತೆ ಕೂತೆ. ಅವ್ವ ಹಣೆ ಹಣೆ ಬಡಿದುಕೊಂಡಳು.

ಭೀಮವ್ವ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನಾಗಿತ್ತವಾ ಇದು?"

"ಸಣ್ಣಾಕಿದ್ದಾಗ ಕುದಿಯೋ ಹಾಲು ಬಿತ್ರಿ. ಫೋಟೊದಾಗ ಬೇಕಂತನ ಮುಚ್ಚೀವಿ."

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಂಬಂಧ ಮುರಿಯಿತೆಂದು ನಾನು ಏಳಹೋದೆ. ಕೈ ಹಿಡಿದು ಕೂಡಿಸಿಕೊಂಡರು.

"ಭಾಳ ನೋವಾಗಿತ್ತೇನವಾ?"

ನೋಡಲು ಬಂದವರು ಕಲೆ ಹೋಗುತ್ತದೋ ಇಲ್ಲವೋ ಎಂದು ಕೇಳಿದ್ದರು. ನಮ್ಮವ್ವನಿಗೂ ಮುಚ್ಚುವುದು ಹೇಗೆಂಬುದೇ ಚಿಂತೆ. ಈ ಮಾತನ್ನು ಯಾರೂ ಕೇಳಿರಲಿಲ್ಲ. ಅಷ್ಟು ಜನರ ನಡುವೆ, ಇಷ್ಟು ದೊಡ್ಡವಳು, ಅತ್ತುಬಿಟ್ಟೆ.

"ಭಾಳ ನೋವಾಗಿತ್ರಿ," ಎಂದೆ.