ಮಸ್ಟ್ ನಾಟ್

"ಎಲ್ಡು ನಿಮ್ಸ ಸಾ, ಇದ್ನೊಸಿ ಓದಿ ಏಳ್ಬುಡಿ," ಎಂದು ಕೆಂಪನಂಜಪ್ಪ ತರಗತಿಯ ಬಾಗಿಲಲ್ಲೇ ನಿಂತು ಖಾಲಿ ಚೀಲವೊಂದನ್ನು ಮುಂದೆ ಚಾಚಿದ.

ಗುರುಪಾದಸ್ವಾಮಿ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದರು. ಕೆಂಪನಂಜಪ್ಪ ಐದು ವರ್ಷದ ಹಿಂದೆ ಕೊಳ್ಳೇಗಾಲದ ಇದೇ ಹೈಸ್ಕೂಲಿನಲ್ಲಿ ಅವರ ಹತ್ತಿರ ಇಂಗ್ಲಿಷ್ ಕಲಿತವನು. ಎಸ್ಸೆಲ್ಸಿ ಪಾಸು ಮಾಡಿ ಧನಗೆರೆಯಲ್ಲಿ ತಂದೆಯಿಲ್ಲದ ಮನೆಯ ಬೇಸಾಯ ನೋಡಿಕೊಂಡಿದ್ದ. ಈಗ ಗಡ್ಡ ಬೆಳೆದಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು.

ಅದು ಆ ವರ್ಷ ಹೊಸದಾಗಿ ಬಂದಿದ್ದ ಹೈಬ್ರೀಡ್ ಜೋಳದ ಬೀಜದ ಚೀಲ. ಅದರ ಮೇಲೆ ಒಂದು ಅಕ್ಷರವೂ ಕನ್ನಡದಲ್ಲಿರಲಿಲ್ಲ. ಅಡಿಯಲ್ಲಿ ಕೆಂಪು ಶಾಯಿಯ ಒಂದು ಸಾಲು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು: "ದಿಸ್ ಸೀಡ್ ಮಸ್ಟ್ ನಾಟ್ ಬಿ ಯೂಸ್ಡ್ ಆಸ್ ಫುಡ್."

"ಅಂಗಂದ್ರೆ ಸಾ?"

"ಈ ಬೀಜವನ್ನ ಊಟಕ್ಕೆ ಬಳಸಕೂಡದು ಅಂತ. ಹುಳ ಹಿಡೀದಿರಲಿ ಅಂತ ವಿಷದ ಔಷಧಿ ಸವರಿರ್ತಾರಪ್ಪ. ಯಾಕೆ?"

ಕೆಂಪನಂಜಪ್ಪ ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟ. "ಬಳಸಬೇಕಿಲ್ಲ ಅಂತ ಅಲ್ವಾ ಸಾ?"

ಆಮೇಲೆ ನಡೆದದ್ದನ್ನು ಹೇಳಿದ. ಬಿತ್ತನೆ ಮುಗಿದು ಮೂರು ಸೇರು ಬೀಜ ಉಳಿದಿತ್ತು. ಬಣ್ಣ ನೋಡಿದರೆ ತೆಳು ಗುಲಾಬಿ. ಅವನ ತಾಯಿ ಗುರುಬಸಮ್ಮ ಅನುಮಾನಪಟ್ಟು, ಚೀಲದ ಮೇಲೆ ಏನು ಬರೆದಿದೆ ಓದು ಎಂದಿದ್ದಳು. ಊಟಕ್ಕೆ ಬಳಸಲೇಬೇಕು ಅಂತೇನೂ ಇಲ್ಲ, ಬೇಕಾದರೆ ಬಳಸಬಹುದು ಎಂದು ಇವನು ಓದಿ ಹೇಳಿದ್ದ. ಹೇಳಿದವನು ಮಾರನೆಯ ದಿನ ಮಧುವನಹಳ್ಳಿಗೆ, ಅಕ್ಕನ ಮನೆಗೆ ಹೋದ. ಇತ್ತ ತಾಯಿ ಬೀಜವನ್ನು ಬಣ್ಣ ಬಿಡುವ ತನಕ ಮೂರು ನೀರಲ್ಲಿ ತೊಳೆದು, ಒಣಗಿಸಿ, ಬೀಸಿ, ನಾಲ್ಕು ದಿನ ರೊಟ್ಟಿ ತಟ್ಟಿಕೊಂಡು ತಿಂದಳು. ಇವನು ವಾಪಸು ಬಂದಾಗ ಅಕ್ಕಪಕ್ಕದವರು ಅವಳನ್ನು ಗಾಡಿಗೆ ಹಾಕುತ್ತಿದ್ದರು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಜೀವ ಉಳಿಯಿತು. ಕೈ ಮಾತ್ರ ನಿಲ್ಲದೆ ನಡುಗುತ್ತಿತ್ತು; ಇದು ಹೋಗುತ್ತದೆ ಎಂದು ಡಾಕ್ಟರು ಖಚಿತವಾಗಿ ಹೇಳಿರಲಿಲ್ಲ.

"ಎಸ್ಸೆಲ್ಸಿ ಓದಿದ್ದೀಯ, ಕಣ್ಣು ಕಾಣಲ್ವಾ ಅಂತ ಡಾಕ್ಟ್ರು ಚೀಲ ನೋಡಿ ಬೋ ಬಯ್ದ್ರು ಸಾ. ನಮ್ಮ ಮೇಷ್ಟ್ರು ಬೇಕಿಲ್ಲ ಅಂತ್ಲೇ ಏಳ್ಕೊಟ್ಟಿರದು, ನೀವೇ ತೆಪ್ಪು ಓದ್ತಾ ಇದೀರಿ ಅಂದೆ. ನಕ್ಬುಟ್ರು. ಅದ್ಕೇ ನಿಮ್ಮನ್ನೇ ಕೇಳ್ಬುಡವ ಅಂತ ಬಂದಿ."

ಮೇಷ್ಟ್ರು ತರಗತಿಯ ಕಡೆ ತಿರುಗಿ ನೋಡಿದರು. ಕಿಟಕಿಯೊಳಗಿಂದ ತರಗತಿಯ ಮೂವತ್ತೆರಡು ಹುಡುಗರೂ ಇತ್ತಲೇ ನೋಡುತ್ತಿದ್ದರು.

"ಮಸ್ಟ್ ನಾಟ್ ಅಂದರೆ ಕೂಡದು ಕಣಪ್ಪ," ಎಂದರು. "ನಾನು ಹಾಗೇ ಹೇಳಿಕೊಟ್ಟಿರೋದು. ನೀನು ಮರೆತಿರಬೇಕು."

"ಅಂಗಾ ಸಾ." ಅವನು ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇರುಕಿಕೊಂಡ. "ಅಂಗಾದ್ರೆ ನಂದೇ ತೆಪ್ಪು. ಬತ್ತೀನಿ ಸಾ."

ಮೇಷ್ಟ್ರು ಒಳಗೆ ಬಂದು ಮೊದಲ ಬೆಂಚಿನ ಪುಟ್ಟಮಾದಪ್ಪನನ್ನು ಎಬ್ಬಿಸಿದರು. "ಮಸ್ಟ್ ಅಂದರೆ?"

"ಬೇಕು ಸಾ."

"ಮಸ್ಟ್ ನಾಟ್?"

"ಬೇಕಿಲ್ಲ ಸಾ," ಎಂದ ಹುಡುಗ, ತಡವರಿಸದೆ.

ಕಲಿಸಿದ್ದು ಅವರೇ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುಡುಗರ ಬಾಯಿಪಾಠಕ್ಕೆಂದು ಒಂದು ಪಟ್ಟಿ ಮಾಡಿದ್ದರು. ಕ್ಯಾನ್ ಎಂದರೆ ಬಲ್ಲ, ಮೇ ಎಂದರೆ ಬಹುದು, ಮಸ್ಟ್ ಎಂದರೆ ಬೇಕು. ನಾಟ್ ಸೇರಿದರೆ ಕನ್ನಡದ ಕೊನೆಗೆ ಒಂದು ‘ಇಲ್ಲ’ ಸೇರಿಸುವುದು. ಅವರು ಸ್ವತಃ ಪತ್ರಿಕೆ ಓದುವಾಗ ಒಂದು ದಿನವೂ ಆ ತಪ್ಪು ಮಾಡಿದವರಲ್ಲ. ಆದರೆ ಪಟ್ಟಿಯನ್ನು ತಿರುಗಿ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸಿ ಎಂದು ಕೇಳುತ್ತಿದ್ದರೇ ಹೊರತು ಅರ್ಥ ಬರೆಯಿರಿ ಎಂದು ಯಾರೂ ಕೇಳುತ್ತಿರಲಿಲ್ಲ.

"ಅದು ತಪ್ಪು. ಹೊಡೆದುಹಾಕಿ," ಎಂದು ಬೋರ್ಡಿನ ಮೇಲೆ ಹೊಸದಾಗಿ ಬರೆದರು. ಮಸ್ಟ್ ನಾಟ್, ಕೂಡದು. ನೀಡ್ ನಾಟ್, ಬೇಕಿಲ್ಲ.

"ಪರೀಕ್ಸೆಗೆ ಯಾವ್ದು ಬರೀಬೇಕು ಸಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಹುಡುಗರೆದುರು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಂಕುಳಲ್ಲಿ ಚೀಲ ಇರುಕಿಕೊಂಡು ಹೋದವನ ಬೆನ್ನು ಮಾತ್ರ ಆಮೇಲಿನ ಎರಡು ದಿನವೂ ಕಣ್ಣ ಮುಂದಿತ್ತು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಊಟಕ್ಕೂ ಮನೆಗೆ ಹೋಗದೆ, ಸೈಕಲ್ಲು ಹತ್ತಿ ಧನಗೆರೆಗೆ ಹೊರಟರು.

ಗುರುಬಸಮ್ಮ ಜಗಲಿಯ ಮೇಲೆ ಕೂತಿದ್ದಳು. ಕೈಗಳೆರಡನ್ನೂ ಸೆರಗಿನೊಳಗೆ ಅವುಚಿಕೊಂಡಿದ್ದಳು. ಮೇಷ್ಟ್ರು ಎಂದು ತಿಳಿದು ಏಳಹೋದಾಗ ಅವು ಹೊರಗೆ ಬಂದವು. ಬೆರಳುಗಳು ಅವಳ ಮಾತು ಕೇಳುವಂತಿರಲಿಲ್ಲ. ಕೆಂಪನಂಜಪ್ಪ ಹಿತ್ತಿಲಿಂದ ಬಂದವನು ಕಂಬ ಹಿಡಿದು ನಿಂತ.

ಮೇಷ್ಟ್ರು ಕೂರಲಿಲ್ಲ. "ನಿಮ್ಮ ಮಗ ಮರೆತಿಲ್ಲಮ್ಮ. ನಾನೇ ಅವನಿಗೆ ತಪ್ಪು ಹೇಳಿಕೊಟ್ಟಿದ್ದೆ. ಮೊನ್ನೆ ಕೇಳೋಕೆ ಬಂದಾಗ ಸುಳ್ಳು ಹೇಳಿ ಕಳಿಸಿದೆ."

ಗುರುಬಸಮ್ಮ ಅವರನ್ನು ದಿಟ್ಟಿಸಿ ನೋಡಿದಳು.

"ಅದ್ನೈದು ದಿನದಿಂದ ಇವ್ನು ನೆಟ್ಟಗೆ ಉಂಡಿಲ್ಲ," ಎಂದಳು. "ಅವ್ವಂಗೆ ನಾನೇ ಇಸ ಇಕ್ದಿ ಅಂತಾನೆ. ಮೊನ್ನೆ ನಿಮ್ಮ ತಾವಿಂದ ಬಂದ್ಮೇಲಂತೂ ನೀರೂ ಬುಟ್ಟ." ಉಸಿರು ಎಳೆದುಕೊಂಡಳು. "ಈ ಮಾತ ಅವತ್ತೇ ಏಳ್ಬೇಕಿತ್ತು ಸಾಮಿ ನೀವು."

"ಹೌದು," ಎಂದರು ಮೇಷ್ಟ್ರು.

ಕೆಂಪನಂಜಪ್ಪ ಮುಖ ಆಚೆ ತಿರುಗಿಸಿ ಟವಲಿನಿಂದ ಕಣ್ಣೊರೆಸಿಕೊಂಡ.

"ಬಂದವ್ರು ಅಂಗೇ ಓಗ್ಬೇಡಿ," ಎಂದಳು ಗುರುಬಸಮ್ಮ. "ನಿಮ್ಮತ್ರ ಓದ್ದವ್ರು ಈ ಊರಲ್ಲಿ ಇನ್ನೂ ಮೂರ್ ಜನ ಅವ್ರೆ. ಅವ್ರಟ್ಟೀಲೂ ಬೀಜ ಮಿಕ್ಕದೆ. ಲೇ ಕೆಂಪ, ಕರ್ಕಂಡೋಗ್ಲಾ."

ನಂಜಯ್ಯನ ಮನೆಯಲ್ಲಿ ಬೀಜವನ್ನು ಆಗಲೇ ತೊಳೆದು ಮೊರದಲ್ಲಿ ಒಣಗಲು ಹಾಕಿದ್ದರು. ಮೇಷ್ಟ್ರು ಚೀಲ ಓದಿ ಹೇಳಿದರು. ಅವರ ಹತ್ತಿರ ಓದಿದ್ದ ಮಗ, ಅಲ್ಲ ಸಾ, ಬೇಕಿಲ್ಲ ಅಂತ ಎಂದ. ಅವನಿಗೂ ತಮ್ಮ ತಪ್ಪನ್ನು ಹೇಳಿದರು. ಕೆಂಪನಂಜಪ್ಪ ಗುಂಡಿ ತೋಡಿ ಬೀಜವನ್ನೆಲ್ಲ ಸುರಿದು ಮಣ್ಣೆಳೆದ. ಮುಂದಿನ ಮನೆ, ಅದರ ಮುಂದಿನ ಮನೆ. ಅಷ್ಟರಲ್ಲಿ ಸುದ್ದಿ ಕೇರಿಗೆಲ್ಲ ಹಬ್ಬಿತ್ತು. ಇಂಗ್ಲಿಷ್ ಅಕ್ಷರ ಇದ್ದದ್ದನ್ನೆಲ್ಲ ಜನ ಹೊರಗೆ ತಂದರು: ಹತ್ತಿಗೆ ಹೊಡೆಯುವ ಪುಡಿಯ ಡಬ್ಬ, ಕೆಮ್ಮಿನ ಔಷಧಿಯ ಸೀಸೆ, ಪಂಪ್‌ಸೆಟ್ಟಿನ ಕಾಗದ. ಮೇಷ್ಟ್ರು ಚಾವಡಿಯ ಕಲ್ಲಿನ ಮೇಲೆ ಕೂತು ಒಂದೊಂದನ್ನೇ ಓದಿ, ಕನ್ನಡದಲ್ಲಿ ಎರಡೆರಡು ಸಲ ಹೇಳಿದರು.

ಎಲ್ಲರೂ ಹೋದ ಮೇಲೆ ವೀರಮ್ಮ ಎಂಬ ಮುದುಕಿ ಉಪ್ಪು ತುಂಬಿಡುವ ತಗಡಿನ ಡಬ್ಬವೊಂದನ್ನು ತಂದಳು.

"ಬಿಸ್ಕತ್ತಿನ ಡಬ್ಬ ಅಜ್ಜಿ. ಏನೂ ಭಯ ಇಲ್ಲ."

"ಪೂರಾ ಓದಿ ಸಾಮಿ. ತಳದಲ್ಲೂ ಏನೋ ಬರ್ದದೆ."

ಮೇಷ್ಟ್ರು ಡಬ್ಬವನ್ನು ಬೆಳಕಿಗೆ ಓರೆ ಮಾಡಿ ಹಿಡಿದು, ಹೆಬ್ಬೆರಳಿನಿಂದ ತುಕ್ಕು ಉಜ್ಜಿ, ಮೊದಲ ಅಕ್ಷರ ಕಾಣಿಸುವವರೆಗೂ ಉಜ್ಜುತ್ತಲೇ ಇದ್ದರು.