ನೋವಿನ ಔಷಧಿ

ಅಕ್ಕ ಅಪ್ಪನ ಹಾಸಿಗೆ ಮಡಚಿ, ದಿಂಬು ಕೊಡವಿ, ಮಂಚದ ಕೆಳಗೂ ಕೈಯಾಡಿಸಿದಳು. ನೋವಿನ ಔಷಧಿಯ ಸೀಸೆ ಇಲ್ಲ. ನಿನ್ನೆ ಸಂಜೆ ಅಪ್ಪನಿಗೆ ಕೊನೆಯ ಸಲ ಕುಡಿಸಿದಾಗ ಕಿಟಕಿಯ ಅಂಚಿನಲ್ಲೇ ಇತ್ತು. ಈಗ ಅಪ್ಪ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಸೀಸೆಗೆ ಮಾತ್ರ ಕಾಲು ಬಂದಿತ್ತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ದನಿ ತಗ್ಗಿಸಿದ. “ಹುಡುಕ್ಬೇಡ ಬಿಡು. ಯಾರ ಜೇಬಲ್ಲಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.”

“ಅವನು ನಶೆ ಬಿಟ್ಟು ಎರಡು ವರ್ಷ ಆಯ್ತಲ್ಲ ಚಿಕ್ಕಪ್ಪ.”

“ದಬ್ಬೆ ಕಟ್ಟಿರೋವಷ್ಟು ದಿನ ನಾಯಿ ಬಾಲ ನೆಟ್ಟಗೇ ಇರುತ್ತೆ. ದಬ್ಬೆ ಈಗ ನಡುಮನೆಯಲ್ಲಿ ಮಲಗಿದೆಯಲ್ಲ.”

ಅವಳಿಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಮೊದಲೇ ಅನುಮಾನ ಬಂದು ಕೂತಿತ್ತು. ಅವಳ ಮದುವೆಯ ಸರ ಮಾರಿ ಮಾತ್ರೆ ನುಂಗಿ, “ನಿನ್ನಾಣೆ ನಾನಲ್ಲ ಅಕ್ಕ” ಎಂದು ಅವಳದೇ ತಲೆ ಮುಟ್ಟಿದ್ದವನು ಈ ತಮ್ಮ. ನಡುಮನೆಗೆ ಇಣುಕಿದಳು. ಅಮ್ಮನ ಪಕ್ಕ ಅವನಿರಲಿಲ್ಲ.

*

ಬಸ್ಸು ಓಡಿಸುತ್ತಿದ್ದ ಅಪ್ಪ ಮೊದಮೊದಲು ಮಗನ ಪಾಲಿಗೆ ಪೊಲೀಸನೇ ಆಗಿದ್ದ. ಅವನು ಮನೆಗೆ ಬಂದರೆ ಅಂಗಿ ಮೂಸುವುದು, ಜೇಬು ಮಗುಚುವುದು. ತಂದೆತಾಯಿಯೂ ಬಂದು ಕೂರಬೇಕು ಎಂದು ನಶೆ ಬಿಡಿಸುವ ಚಿಕಿತ್ಸಾ ಕೇಂದ್ರದವರು ಹೇಳಿದಾಗ ಉರಿದುಬಿದ್ದಿದ್ದ. “ನುಂಗಿದವನು ಅವನು, ಪಾಠ ನನಗಾ?”

ಅಲ್ಲಿ ಎಲ್ಲರೆದುರು ತಮ್ಮ ಹೇಳಿದ್ದು ಒಂದೇ ಮಾತು: “ಅಪ್ಪ ನನ್ನ ಅಂಗಿ ಹತ್ರ ಎಲ್ಲಾ ಕೇಳ್ಕೋತಾನೆ. ನನ್ನ ಹತ್ರ ಏನೂ ಕೇಳಲ್ಲ.”

ಮುಂದಿನ ವಾರ ಅಪ್ಪ ಡ್ಯೂಟಿ ಬದಲಿಸಿಕೊಂಡು ಹೋದ. ಅದರ ಮುಂದಿನ ವಾರವೂ. ಆಮೇಲೆ ದಿನಾ ಬೆಳಿಗ್ಗೆ, ಜ್ವರ ವಿಚಾರಿಸಿದ ಹಾಗೆ, “ಇವತ್ತು ಆಸೆ ಹೇಗಿದೆಯೋ?” ಎನ್ನತೊಡಗಿದ. “ಜಾಸ್ತಿ ಇದೆ” ಎಂದರೆ ಬೈಯುತ್ತಿರಲಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದ.

ಗಂಡನ ಮನೆಯಲ್ಲಿದ್ದ ಅಕ್ಕ ಫೋನಿನಲ್ಲಿ ಇದನ್ನು ಕೇಳಿ ಕೊಂಕು ನಕ್ಕಿದ್ದಳು. “ಕಳ್ಳನಿಗೆ ಸವಾರಿ ಬೇರೆ!”

*

ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. ಅಕ್ಕ ಬಡಿದಳು.

“ತೆಗಿ. ತೆಗೀತೀಯೋ, ಒಡೆಸ್ಲೋ?”

ಚಿಲಕ ಸರಿಯಿತು. ತಮ್ಮ ಗೋಡೆಗೊರಗಿ ನೆಲಕ್ಕೆ ಕುಸಿದ. ಅಂಗೈಗಳ ನಡುವೆ ಸೀಸೆ. ಮುಚ್ಚಳ ಪಕ್ಕದಲ್ಲಿತ್ತು.

“ಹೆಣ ಇನ್ನೂ ಮನೆಯಲ್ಲೇ ಇದೆ ಕಣೋ!”

ಅವನು ಸೀಸೆ ಚಾಚಿದ. “ಬೆಳಿಗ್ಗೆ ಕೈ ತಾನಾಗೇ ತಗೊಂಡುಬಿಡ್ತು. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡೋಣ ಅಂದ್ರೆ, ಎಲ್ರೂ ನನ್ನ ಜೇಬನ್ನೇ ನೋಡ್ತಿದ್ರು.”

“ಕುಡಿದ್ಯಾ?”

“ಮುಚ್ಚಳ ತೆಗೆದೆ. ಕುಡೀಲಿಲ್ಲ.”

ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. ಅರ್ಧ ಇತ್ತು. ನಿನ್ನೆ ಎಷ್ಟಿತ್ತೆಂದು ನೋಡಿಟ್ಟುಕೊಂಡಿರಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು. ಇವತ್ತು ಈ ಮನೆಯಲ್ಲಿ ಯಾರ ಕಣ್ಣು ಬೆಳ್ಳಗಿದ್ದವು? ಔಷಧಿಯನ್ನು ಬಚ್ಚಲಿಗೆ ಸುರಿದು ನಲ್ಲಿ ಬಿಟ್ಟಳು.

“ನನಗೆ ನಂಬಿಕೆ ಬರ್ತಿಲ್ಲ ಕಣೋ.”

“ಅಪ್ಪನೂ ನಂಬ್ತಿರಲಿಲ್ಲ ಅಕ್ಕ. ಕೇಳ್ತಿದ್ದ, ಅಷ್ಟೇ.”

ಹೊರಗೆ ಶವದ ಗಾಡಿ ಹಾರನ್ ಹೊಡೆಯಿತು. ಚಿಕ್ಕಪ್ಪ ಬಾಗಿಲಿಗೇ ಬಂದು ಕತ್ತು ಚಾಚಿದ. ಅವನ ಬೆನ್ನ ಹಿಂದೆ ಇನ್ನೂ ನಾಲ್ಕು ತಲೆಗಳು.

“ಸಿಕ್ತಾ? ನಾನು ಹೇಳಲಿಲ್ವಾ?”

ತಮ್ಮ ಗೋಡೆ ಹಿಡಿದು ಏಳಲು ನೋಡಿದ, ಮತ್ತೆ ಕೂತ. ಅಕ್ಕ ತೆರೆದ ಬಾಗಿಲಿಗೆ ಬೆನ್ನು ಹಾಕಿ, ಒದ್ದೆ ನೆಲದ ಮೇಲೆ ಅವನ ಪಕ್ಕದಲ್ಲೇ ಕೂತಳು. ಅವನ ಮಂಡಿಯ ಮೇಲೆ ಕೈಯಿಟ್ಟಳು. ಗಾಡಿ ಮತ್ತೊಮ್ಮೆ ಹಾರನ್ ಹೊಡೆಯಿತು. ಅವಳು ಕೈ ತೆಗೆಯಲಿಲ್ಲ.