ಗೇಟಿನಲ್ಲಿ ಮೆಕ್ಯಾನಿಕ್

ಸೈನ್ಯದ ಡಿಸ್ಚಾರ್ಜ್ ಪುಸ್ತಕವೊಂದೇ ಸಾಕು, ಬಾಟಲಿ ಬೇಡ ಎಂದು ಪಂಕಜಾಕ್ಷಿ ಹೇಳಿದ್ದಳು. ದೇವೀರಪ್ಪ ಹೆಂಡತಿಯ ಮಾತು ಕೇಳಲಿಲ್ಲ. ಮಿಲಿಟರಿ ಕ್ಯಾಂಟೀನಿನ ಎರಡು ಬಾಟಲಿ ರಮ್ ಚೀಲಕ್ಕೆ ಹಾಕಿಕೊಂಡು ವನಗೂರಿನ ಜೀಪು ಹತ್ತಿದ. ದೊಡ್ಡವರ ಮನೆಗೆ ಬರಿಗೈಲಿ ಹೋಗುವುದು ಹೇಗೆ?

ಅಲ್ಲಿನ ಕಾಫಿ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಕೆಲಸ ಖಾಲಿಯಿತ್ತು. ಹದಿನೇಳು ವರ್ಷ ಸೈನ್ಯದಲ್ಲಿ ಅವನು ಬಂದೂಕಿಗಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು. ಲೇಹ್‌ನ ಹಿಮದಲ್ಲಿ ಡೀಸೆಲ್ ಗಟ್ಟಿಯಾದಾಗಲೂ ಜನರೇಟರ್ ಎಬ್ಬಿಸಿದವನು.

ಮಾಲೀಕ ನಟರಾಜ್ ಪುಸ್ತಕ ಬಿಚ್ಚಲೇ ಇಲ್ಲ. ಚೀಲ ನೋಡಿದರು.

"ತಿಂಗ್ಳಿಗೆ ಎಷ್ಟ್ ಬಾಟ್ಲಿ ಕೊಡ್ತಾರೋ ನಿಂಗೆ?"

"ಸರ್, ನಾನು ಬಂದಿದ್ದು ಮೆಕ್ಯಾನಿಕ್ ಕೆಲಸಕ್ಕೆ..."

"ಆಯ್ತು ಮಾರಾಯ, ಜನರೇಟರ್ ನಿಂತೈತೆ. ನೋಡು ಹೋಗು."

ಕಾಫಿ ಹಣ್ಣು ಆವತ್ತು ಕಿತ್ತದ್ದು ಆವತ್ತೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಬೀಳಬೇಕು. ಜನರೇಟರ್ ನಿಂತು ಪಲ್ಪರ್ ಮೂಕಾಗಿ ಕೂತಿತ್ತು. ದೇವೀರಪ್ಪ ಡೀಸೆಲ್ ಪೈಪಿನ ಮೇಲೆ ಬೆರಳಾಡಿಸಿದ. ಸವೆದ ತಾಮ್ರದ ವಾಷರ್ ಒಂದು ಗಾಳಿ ಎಳೆಯುತ್ತಿತ್ತು. ಅದನ್ನು ಬಿಚ್ಚಿ, ಆಳುಗಳ ಲೈನ್ ಮನೆಯಲ್ಲಿ ಕೂಲಿ ಹೆಂಗಸು ಮಾರಮ್ಮನ ಒಲೆಗೆ ಹಾಕಿ ಕೆಂಪಗೆ ಕಾಯಿಸಿದ.

"ಏನಣ್ಣ, ರೊಟ್ಟಿ ಸುಡ್ತಿದ್ದೀಯಾ?" ಎಂದು ಅವಳು ನಕ್ಕಳು.

ಕಾಸಿದ ತಾಮ್ರ ಮೆತ್ತಗಾಗಿ ಕಚ್ಚಿ ಕೂತಿತು. ಪೈಪಿನೊಳಗಿನ ಗಾಳಿ ಕಳೆದು ಹ್ಯಾಂಡಲ್ ತಿರುವಿದ. ಜನರೇಟರ್ ಗುಡುಗಿತು.

"ಹೊಸಾ ವಾಷರ್ ತರ್ಸಿ. ಇದು ಬಾಳ ದಿನ ಬರಲ್ಲ," ಎಂದು ಲೆಕ್ಕ ಬರೆಯುವ ರೈಟರ್ ರಾಜಶೇಖರ್‌ಗೆ ಹೇಳಿದ.

ಮರುದಿನ ಅವನಿಗೆ ಸಿಕ್ಕಿದ್ದು ಖಾಕಿ ಬಟ್ಟೆ ಮತ್ತು ಒಂದು ಸೀಟಿ.

"ಮೆಕ್ಯಾನಿಕ್ಕನ್ನ ಹಾಸನದಿಂದ ಕರುಸ್ಕೋತೀವಿ ಕಣೋ," ಎಂದರು ನಟರಾಜ್. "ಗೇಟಲ್ಲಿ ಮಿಲಿಟ್ರಿಯೋನು ನಿಂತ್ರೆ ಎಸ್ಟೇಟಿಗೊಂದು ಕಳೆ. ನೆಂಟ್ರು ಬಂದಾಗ ಮೆಡಲ್ ಹಾಕ್ಕೋ."

ಬೇಡ ಎನ್ನಲು ಬಾಯಿ ತೆರೆದ. ಆಲೂರಿನಿಂದ ಸಕಲೇಶಪುರದವರೆಗೆ ನಾಲ್ಕು ಕಡೆ ಕೆಲಸ ಕೇಳಿದಾಗಲೂ ಅವನಿಗೆ ಕಾಯಲು ತೋರಿಸಿದ್ದು ಗೇಟನ್ನೇ, ಇದು ಐದನೆಯದು. ಸೀಟಿ ಕೊರಳಿಗೆ ಹಾಕಿಕೊಂಡ. ಅವನ ಹೆಸರೂ ಹೋಯಿತು. ಎಲ್ಲರಿಗೂ ಅವನು 'ಮಿಲಿಟ್ರಿ'.

ಇಪ್ಪತ್ತು ದಿನ ಕಳೆದಿರಬಹುದು. ಬೆಳಿಗ್ಗೆಯಿಂದಲೇ ಜನರೇಟರ್ ತೊದಲುತ್ತಿತ್ತು. ಗೇಟಿನಲ್ಲಿ ನಿಂತೇ ದೇವೀರಪ್ಪನಿಗೆ ತಿಳಿಯಿತು: ಅದೇ ವಾಷರ್. ಯಾರೂ ತರಿಸಿರಲಿಲ್ಲ. ಮಧ್ಯಾಹ್ನ ಜನರೇಟರ್ ನಿಂತೇ ಹೋಯಿತು. ರಾಜಶೇಖರ್ ಏದುಸಿರು ಬಿಡುತ್ತಾ ಓಡಿ ಬಂದ.

"ಹಾಸನದೋನು ನಾಳೆ ಬತ್ತಾನಂತೆ. ಹಣ್ಣು ರಾಶಿ ಬಿದ್ದೈತೆ. ಒಸಿ ನೋಡು ಬಾರೋ ಮಿಲಿಟ್ರಿ!"

ದೇವೀರಪ್ಪನ ಜೇಬಿನಲ್ಲಿ ಹದಿನಾಲ್ಕನೇ ನಂಬರಿನ ಸ್ಪ್ಯಾನರ್ ಇತ್ತು. ದಿನವೂ ಇರುತ್ತಿತ್ತು. ಹತ್ತು ನಿಮಿಷದ ಕೆಲಸ.

"ನಾನು ವಾಚ್‌ಮನ್ ಕಣ್ರೀ," ಎಂದ. "ಗೇಟ್ ಬುಟ್ಟು ಬರಂಗಿಲ್ಲ."

ಸಂಜೆಯ ಹೊತ್ತಿಗೆ ಹುಳಿತ ಹಣ್ಣಿನ ವಾಸನೆ ಗೇಟಿನವರೆಗೂ ಬಂತು. ಹಿಂದೆಯೇ ನಟರಾಜ್ ಅವರ ಜೀಪು ಬಂದು ನಿಂತಿತು. ಈಗ ಬಯ್ಯುತ್ತಾರೆ, ಯಾಕೆ ಮಾಡಲಿಲ್ಲ ಎಂದು ಕೇಳುತ್ತಾರೆ ಎಂದುಕೊಂಡ ದೇವೀರಪ್ಪ. ಆಗ ಹೇಳಬೇಕಾದ್ದನ್ನೆಲ್ಲ ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ.

ನಟರಾಜ್ ಕಿಟಕಿಯಿಂದ ತಲೆ ಹೊರಹಾಕಿದರು.

"ಈ ತಿಂಗ್ಳ ಬಾಟ್ಲಿ ಯಾವಾಗ ತರ್ತೀಯೋ?"

ಅವರಿಗೆ ಅವನು ರಿಪೇರಿ ಮಾಡಬಲ್ಲ ಎಂಬುದು ನೆನಪೇ ಇರಲಿಲ್ಲ.

ದೇವೀರಪ್ಪ ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದ.

"ಬುಧವಾರ ಕ್ಯಾಂಟೀನಿಗೆ ಹೋಗ್ತೀನಿ, ಸರ್."